ಕೊಂಬು

ತೆನೆ ಸುಲಿಯುವ ಕೆಲಸ ಬೆರಳಿಗೆ, ಕಿವಿಗಲ್ಲ.
ಅದಕ್ಕೇ ಸೊರಬದ ಶಾಲೆಯಿಂದ ತಂದ ಪುಸ್ತಕವನ್ನು
ಕಣದಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ.
ಕನ್ನಜ್ಜಿ ಸುಲಿಯುತ್ತಾಳೆ. ಮೆಕ್ಕೆಜೋಳದ ಸಿಪ್ಪೆ
ಚರ್ರೆಂದು ಹರಿಯುತ್ತದೆ,
ನನ್ನ ವಾಕ್ಯಕ್ಕೆ ಕೊನೆಯ ಚುಕ್ಕಿ ಅವಳೇ ಇಟ್ಟ ಹಾಗೆ.

"ಕಡಲಾಚೆ, ಹಿಮ ಬೀಳುವ ಕಾಡಿನಲ್ಲಿ
ಇರೋಕ್ವಾ ಜನ. ತಮ್ಮನ್ನು ತಾವು ಕರೆದುಕೊಳ್ಳುವುದು
ಹೊಡೆನೊಶೋನಿ ಅಂತ. ಉದ್ದ ಮನೆಯವರು."
"ಎಷ್ಟುದ್ದ?" ಅಜ್ಜಿಗೆ ಅಳತೆ ಬೇಕು.
"ಈ ಕಣ ದಾಟಿ, ಬೀರಪ್ಪಣ್ಣನ ಬಣವೆ ದಾಟಿ,
ಬಸ್ಸು ನಿಲ್ಲುವ ಕಟ್ಟೆಯ ತನಕ."
"ಹೆಂಚೋ, ಹುಲ್ಲೋ?"
"ಮರದ ತೊಗಟೆ. ನಡುವೆ ಸಾಲಾಗಿ ಒಲೆ,
ಒಲೆಯ ಆಚೆಗೊಂದು ಸಂಸಾರ, ಈಚೆಗೊಂದು."
ಅಜ್ಜಿ ತೆನೆ ಕೆಳಗಿಟ್ಟಳು.
"ಎರಡು ಸಂಸಾರಕ್ಕೆ ಒಂದೇ ಒಲೆ! ಜಗಳ ಆಗಲ್ವಂತಾ?"
ಪುಸ್ತಕದಲ್ಲಿ ಅದು ಇರಲಿಲ್ಲ.
ಚಿತ್ರದಲ್ಲಿ ಹೊಗೆ ಮಾತ್ರ ತುಂಬಾ ಇತ್ತು.

ಮೂವರು ಅಕ್ಕತಂಗಿಯರ ಪುಟ ಬಂತು.
ಜೋಳ ನೆಟ್ಟಗೆ ನಿಲ್ಲುತ್ತಾಳೆ, ಹುರುಳಿಕಾಯಿಯ ಬಳ್ಳಿ
ಅವಳ ಸೊಂಟ ಹಿಡಿದು ಹತ್ತುತ್ತಾಳೆ,
ಕುಂಬಳ ಕಾಲ ಬುಡದಲ್ಲಿ ಎಲೆ ಹಾಸಿ
ಕಳೆಗೆ ಜಾಗ ಕೊಡದೆ ಮಲಗುತ್ತಾಳೆ.
"ನಾವೂ ಹಾಗೇ ಕಣೆ, ಜೋಳದ ದಂಟಿಗೇ ಅವರೆ ಹಬ್ಬಿಸ್ತಿದ್ವಿ.
ಕಂಪನಿ ಬೀಜ ಬಂತು.
ಈಗ ಹೊಲ ಅಂದ್ರೆ ಒಬ್ಬಳೇ ಮಗಳ ಮನೆ."

ಮಕ್ಕಳೆಲ್ಲ ಅಮ್ಮನ ಬಳಗಕ್ಕೆ ಸೇರಿದವರು:
ಆಮೆಯ ಬಳಗ, ತೋಳದ ಬಳಗ, ಕರಡಿಯ ಬಳಗ.
ಮದುವೆಯಾದರೆ ಗಂಡನೇ ಗಂಟು ಹೊತ್ತು
ಹೆಂಡತಿಯ ಮನೆಗೆ ಬರಬೇಕು.
"ಹೊಸ್ತಿಲ ಅಕ್ಕಿಸೇರು ಒದ್ದು, ಕಣ್ಣೊರೆಸ್ಕೊಂಡು?"
ಅಜ್ಜಿ ನಕ್ಕ ರಭಸಕ್ಕೆ ಕೋಳಿ ಹಾರಿ ದೂರ ಹೋಯಿತು.

ಆಮೇಲೆ ಕೊಂಬಿನ ಪುಟ.
ಬಳಗದ ಹಿರಿಯಜ್ಜಿ ಮುಖಂಡನನ್ನು ಆರಿಸುತ್ತಾಳೆ,
ಅವನ ತಲೆಗೆ ಜಿಂಕೆಯ ಕೊಂಬು ಏರಿಸುತ್ತಾಳೆ.
ಜನರ ಮಾತು ಅವನು ಕೇಳದಿದ್ದರೆ
ಒಂದು ಸಲ ಹೇಳಿಸುತ್ತಾಳೆ. ಎರಡು ಸಲ. ಮೂರು.
ಆಮೇಲೆ ಕೊಂಬು ಇಳಿಸುತ್ತಾಳೆ.

ಅಜ್ಜಿ ನಗಲಿಲ್ಲ.
"ಇನ್ನೊಂದ್ಸಲ ಓದು."

ಓದುವಾಗಲೇ ಚಿಕ್ಕಪ್ಪನ ಬೈಕು ಬಂತು.
ಪಂಚಾಯ್ತಿ ಸದಸ್ಯೆ ಸುಲೋಚನಾ ಚಿಕ್ಕಮ್ಮ,
ಪಂಚಾಯ್ತಿ ಕುರ್ಚಿಯಲ್ಲಿ ಕೂರುವವನು ಚಿಕ್ಕಪ್ಪ.
ಅವಳ ಪಾಲಿಗೆ ಒಲೆ ಮುಂದಿನ ಸಹಿ.
ಗೌರಿ ಹಬ್ಬದಲ್ಲಿ ಅಜ್ಜಿ ಒಂದು ಸಲ ಹೇಳಿದ್ದಳು.
ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾ
ತಲೆ ಎತ್ತದೆ ಎರಡನೇ ಸಲ.

"ಕೆರಿಯಾ, ಬಾ ಇಲ್ಲಿ. ಬಗ್ಗು."
ತಲೆಯಲ್ಲಿ ಹುಳ ಇದೆಯೇನೋ ಎಂದು ಚಿಕ್ಕಪ್ಪ ಬಗ್ಗಿದ.
ಅಜ್ಜಿ ಅವನ ಕಿವಿಯ ಮೇಲಿಂದ, ಎರಡೂ ಕಡೆಯಿಂದ,
ಏನೋ ಕಿತ್ತಳು.
ನಾನು ನೋಡಿದೆ, ಜೋಳದ ಕೂದಲು ಎರಡೆಳೆ,
ಅಷ್ಟೇ.
"ನಿಂಗೆ ಕೊಂಬು ಬಂದಿತ್ತು," ಅಂದಳು. "ತೆಗೆದೆ."
ಬಾಗಿಲಲ್ಲಿ ನಿಂತ ಚಿಕ್ಕಮ್ಮ
ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು.

ಬೈಕು ಓಡಿಸಿದ್ದು ಚಿಕ್ಕಪ್ಪನೇ.
ಹಿಂದೆ ಚಿಕ್ಕಮ್ಮ, ಅವಳ ತೊಡೆಯ ಮೇಲೆ ಫೈಲು.
ಅಲ್ಲಿ ಒಳಗೆ ಕೂತವರು ಯಾರು,
ಹೊರಗೆ ಟೀ ಅಂಗಡಿಯಲ್ಲಿ ಕಾದವರು ಯಾರು,
ನಾನು ನೋಡಿಲ್ಲ.

ಸಂಜೆಗೆ ಸಿಪ್ಪೆಯಲ್ಲಿ ಒಂದು ಗೊಂಬೆ ಕಟ್ಟಿದೆ,
ಪುಸ್ತಕದಲ್ಲಿ ಇದ್ದಂತೆ: ಜಡೆ ಉಂಟು, ಲಂಗ ಉಂಟು,
ಮುಖ ಮಾತ್ರ ಖಾಲಿ.
ಅಜ್ಜಿ ಕೇಳುತ್ತಾಳೆಂದು ಉತ್ತರ ಹುಡುಕಿಟ್ಟುಕೊಂಡಿದ್ದೆ.
ಅವಳು ಗೊಂಬೆಯನ್ನು ತಿರುಗಿಸಿ ನೋಡಿದಳು.
"ಗೋಡೆ ಚಿತ್ತಾರದ ಮದುಮಕ್ಕಳಿಗೆ
ನಾನೆಲ್ಲಿ ಕಣ್ಣು ಮೂಗು ಬರೀತೀನಿ," ಅಂದಳು,
ಮತ್ತೊಂದು ತೆನೆ ಕೈಗೆತ್ತಿಕೊಂಡು.
"ಮುಂದೆ ಓದು."